ಟಿರೆಲ್ ಸರೋವರದ ನಕ್ಷತ್ರಜ್ಞರು

ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ವಾಯವ್ಯದಲ್ಲಿ ಟಿರೆಲ್ ಎಂಬ ಉಪ್ಪುನೀರಿನ ಸರೋವರವಿದೆ. ಅದರ ಸುತ್ತಣ ಒಣ ಕುರುಚಲು ನಾಡಿನಲ್ಲಿ ಬಾಳಿದ ಮೂಲನಿವಾಸಿಗಳು ಬೂರಾಂಗ್ ಜನ. ವಿಲಿಯಂ ಸ್ಟ್ಯಾನ್‌ಬ್ರಿಜ್ ಎಂಬ ಇಂಗ್ಲಿಷ್ ವಲಸೆಗಾರನು ಅವರಿಂದ ಕೇಳಿ ತಿಳಿದುದನ್ನು 1857ರಲ್ಲಿ ಮೆಲ್ಬೋರ್ನಿನ ವಿದ್ವತ್ಸಭೆಯೊಂದರ ಮುಂದಿಟ್ಟನು. ಸುತ್ತಲಿನ ಕುಲಗಳಿಗಿಂತ ಆಕಾಶವನ್ನು ತಾವೇ ಚೆನ್ನಾಗಿ ಬಲ್ಲೆವೆಂಬ ಹೆಮ್ಮೆ ಅವರಿಗಿತ್ತೆಂದು ಆತನೇ ಹೇಳುತ್ತಾನೆ. ಅವರ ನೆಲದಲ್ಲಿ ಕುರಿಗಾವಲು ಹಿಡಿದವನೂ ಈತನೇ ಎಂಬುದನ್ನು ಓದುಗರು ಮರೆಯಬಾರದು.

ನಾವು ಅಭಿಜಿತ್ ಎನ್ನುವ ನಕ್ಷತ್ರ ಅವರಿಗೆ ನೀಲೋವನ್, ಅಂದರೆ ಮ್ಯಾಲಿ ಕೋಳಿ. ಈ ಹಕ್ಕಿ ಕಾವು ಕೂರುವುದಿಲ್ಲ. ಮರಳು, ಕೊಳೆತ ಎಲೆಗಳ ದಿಬ್ಬದೊಳಗೆ ಮೊಟ್ಟೆಗಳನ್ನು ಹುದುಗಿಸುತ್ತದೆ. ಸಂಜೆಯ ಆಕಾಶದಿಂದ ನೀಲೋವನ್ ಮರೆಯಾಯಿತೆಂದರೆ ಮೊಟ್ಟೆ ಕೂಡಿಸುವ ಕಾಲ ಬಂದಿತು. ಸ್ವಾತಿ ನಕ್ಷತ್ರವು ಅವರಿಗೆ ಮಾರ್ಪಿಯನ್‌ಕುರ್ಕ್ ಎಂಬ ತಾಯಿ. 'ಬಿಟ್ಟುರ್' ಎಂಬ ಇರುವೆ ಮರಿಗಳ ಆಹಾರವನ್ನು ಕಂಡುಹಿಡಿದವಳು ಅವಳು. ಸಂಜೆ ಅವಳು ಉತ್ತರದಲ್ಲಿ ಕಂಡಾಗ ಆ ಆಹಾರ ದೊರೆಯತೊಡಗುವುದು. ಸೂರ್ಯನೊಡನೆ ಮುಳುಗಿದಾಗ ಅದು ಮುಗಿದು ಬೇಸಗೆ ಆರಂಭ.

ನಮ್ಮ ಮಳೆನಕ್ಷತ್ರಗಳ ನೆನಪಾಗುವುದು ಇಲ್ಲಿಯೇ. ಸೂರ್ಯನು ಆರಿದ್ರೆಯಲ್ಲಿರುವ 13-14 ದಿನಗಳ ಮಳೆಯೇ ಆರಿದ್ರಾ ಮಳೆ. ಆಗ ಆ ನಕ್ಷತ್ರ ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ನಮ್ಮ ರೈತನಿಗೆ ಪಂಚಾಂಗವುಂಟು. ಬೂರಾಂಗರಿಗೆ ಕಣ್ಣು ಮತ್ತು ಕಥೆ ಇವೆರಡೇ ಆಧಾರ. ಕಥೆ ತಪ್ಪಿದರೆ ಕಾಲವೂ ತಪ್ಪುತ್ತಿತ್ತು. ಆದ್ದರಿಂದ ಇವನ್ನು ಬರಿಯ ಕಟ್ಟುಕಥೆಗಳೆಂದು ಬದಿಗಿಡುವುದು ಸರಿಯಲ್ಲ.

ಅಲ್ಲದೆ, ಆ ಪರಂಪರೆ ನಿಂತ ನೀರೂ ಆಗಿರಲಿಲ್ಲ. ಅಗಸ್ತ್ಯ ನಕ್ಷತ್ರವು ಅವರಿಗೆ ವಾರ್, ಭೂಮಿಗೆ ಬೆಂಕಿ ತಂದ ಗಂಡು ಕಾಗೆ. ಅವನ ಹೆಂಡತಿಯೆಂದು ಅವರು ತೋರಿಸಿದ್ದು ಒಂದು ದೊಡ್ಡ ಕೆಂಪು ನಕ್ಷತ್ರವನ್ನು. ಅದು ಈಟಾ ಕರೀನೆಯೆಂದು ಡುವೇನ್ ಹಮಾಕರ್ ಮತ್ತು ಡೇವಿಡ್ ಫ್ರ್ಯೂ 2010ರಲ್ಲಿ ವಾದಿಸಿದರು. 1843ರಲ್ಲಿ ಹಠಾತ್ತನೆ ಉಜ್ವಲಿಸಿದ ಅದು ಲುಬ್ಧಕವೊಂದನ್ನುಳಿದು ಬೇರೆಲ್ಲ ನಕ್ಷತ್ರಗಳನ್ನು ಮೀರಿ ಹೊಳೆದಿತ್ತು. ಹಾಗಾದರೆ ತಮ್ಮ ಕಣ್ಣೆದುರಿನ ಆ ಹೊಸ ಬೆಳಕಿಗೂ ಬೂರಾಂಗರು ಹಳೆಯ ಸಂಸಾರದೊಳಗೆ ಸ್ಥಾನ ಕೊಟ್ಟಿದ್ದರು. ಇಂದು ಆ ಹೆಣ್ಣು ಕಾಗೆ ಬರಿಗಣ್ಣಿಗೆ ಮಂಕಾಗಿ ಕಾಣುತ್ತಾಳೆ.