ಓಡುವ ಮಕ್ಕಳಿಗೆ ಕಾಲೇಜಿನ ಹಾದಿ

ಶಾಲೆಯ ಐವತ್ತು ವರ್ಷದ ಇತಿಹಾಸ ಬರೆಯುವಾಗ ಫಲಿತಾಂಶ, ಕಟ್ಟಡ, ದಾನಿಗಳ ಹೆಸರು ತಪ್ಪದೆ ಬರುತ್ತವೆ. ಓಡಿದವರ ಹೆಸರು ಬರುವುದು ಕಡಿಮೆ. ಓಟ ಬಲ್ಲ ಮಕ್ಕಳು ಕಾಲೇಜು ಸೇರುವ ಹಾದಿ ಹೇಗೆ ಬದಲಾಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಬಸವನಗುಡಿಯಲ್ಲಿ ಬಿ.ಇ. ಓದುವಾಗ ಕಂಡದ್ದು, ಹಿರಿಯ ಓಟಗಾರರಿಂದ ಕೇಳಿದ್ದು ಎರಡೂ ಇದರಲ್ಲಿವೆ.

1898ರ ಪ್ಲೇಗಿನ ನಂತರ ಬೆಳೆದ ಬಡಾವಣೆ ಬಸವನಗುಡಿ. ಅಲ್ಲಿ 1945ರಲ್ಲಿ ನ್ಯಾಷನಲ್ ಕಾಲೇಜು, 1946ರಲ್ಲಿ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು ಆರಂಭವಾದವು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಆದರೆ ಆ ಕಾಲದಲ್ಲಿ ಓಟಗಾರರನ್ನು ಕೈಹಿಡಿದು ಕರೆದದ್ದು ಹೆಚ್ಚಾಗಿ ಕಾರ್ಖಾನೆ, ಬ್ಯಾಂಕು, ರೈಲ್ವೆಗಳು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿದ ಕೋಲಾರದ ಕೆನೆತ್ ಪೊವೆಲ್ ಐ.ಟಿ.ಐ. ಕಾರ್ಖಾನೆಯಲ್ಲಿದ್ದರು. ಪಿ.ಟಿ. ಉಷಾ ಅವರನ್ನು ಸೋಲಿಸಿ ಹೆಸರಾದ ಕೊಡಗಿನ ಅಶ್ವಿನಿ ನಾಚಪ್ಪ ವಿಜಯಾ ಬ್ಯಾಂಕಿನಲ್ಲಿದ್ದರು. ಓಟ ಎಂದರೆ ನೌಕರಿ ಎಂಬ ನಂಬಿಕೆ ನಮ್ಮ ಹಳ್ಳಿಗಳವರೆಗೂ ಬಂದದ್ದು ಹೀಗೆ.

ಕಾಲೇಜು ಸೇರುವುದಿದ್ದರೆ ದೈಹಿಕ ಶಿಕ್ಷಣ ನಿರ್ದೇಶಕರ ಮಾತು ನಡೆಯುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಅವರು ಮೈದಾನದಲ್ಲಿ ಹುಡುಗನ ಓಟ ನೋಡಿ ಪ್ರಾಂಶುಪಾಲರಿಗೆ ಹೇಳಿದರೆ ಸೀಟು ಸಿಗುತ್ತಿತ್ತು. ಪದವಿ ಕಾಲೇಜುಗಳಲ್ಲಿ ಈ ಪದ್ಧತಿ ಇನ್ನೂ ಸ್ವಲ್ಪ ಉಳಿದಿದೆ. ಎಂಜಿನಿಯರಿಂಗ್ ಮಾತು ಬೇರೆ. 1994ರಲ್ಲಿ ಸಿ.ಇ.ಟಿ. ಬಂದ ಮೇಲೆ ಸೀಟು ಹಂಚಿಕೆ ಒಂದೇ ಕಡೆ ಸೇರಿತು. ಈಗ ಕ್ರೀಡಾ ಕೋಟಾ ಬೇಕಾದವರು ಅರ್ಜಿಯಲ್ಲೇ ಅದನ್ನು ನಮೂದಿಸಬೇಕು. ಮೂಲ ಪ್ರಮಾಣಪತ್ರಗಳ ಪರಿಶೀಲನೆಯೂ ಆಗಬೇಕು. ಇದನ್ನು ನಡೆಸುವ ಪರೀಕ್ಷಾ ಪ್ರಾಧಿಕಾರದ ಕಚೇರಿ ಇರುವುದು ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ. ಅಲ್ಲಿ ಯಾರೂ ಓಡಿಸಿ ನೋಡುವುದಿಲ್ಲ, ಕಾಗದ ನೋಡುತ್ತಾರೆ.

ಹೊರದೇಶದ ರೀತಿ ಇನ್ನೊಂದು. ಅಮೆರಿಕದಲ್ಲಿ ಕಾಲೇಜಿನ ತರಬೇತುದಾರರೇ ಮಕ್ಕಳ ಸಮಯ, ಎತ್ತರಗಳ ದಾಖಲೆ ನೋಡಿ ಪತ್ರ ಬರೆಯುತ್ತಾರೆ. ದೆಹಲಿಯ ಹೈಜಂಪ್ ಪಟು ತೇಜಸ್ವಿನ್ ಶಂಕರ್ 2017ರಲ್ಲಿ ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ್ದು ಹೀಗೆಯೇ, ವಿದ್ಯಾರ್ಥಿವೇತನದ ಮೇಲೆ. ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಮೂಡುಬಿದಿರೆಯ ಆಳ್ವಾಸ್. ಅಲ್ಲಿ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ಓದು ಉಚಿತವಾಗಿ ಕೊಡುತ್ತಾರೆ. ಮಂಗಳೂರು ವಿಶ್ವವಿದ್ಯಾಲಯ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮತ್ತೆ ಮತ್ತೆ ಗೆಲ್ಲುವುದರಲ್ಲಿ ಇದರ ಪಾಲು ದೊಡ್ಡದು.

ನಮ್ಮ ಮಕ್ಕಳ ಹಾದಿ ಮಾತ್ರ ಮೆಟ್ಟಿಲು ಮೆಟ್ಟಿಲಾಗಿದೆ: ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಆಮೇಲೆ ರಾಷ್ಟ್ರಮಟ್ಟದ ಶಾಲಾ ಕ್ರೀಡಾಕೂಟ. ತಾಲ್ಲೂಕು, ಜಿಲ್ಲೆಯ ಗೆಲುವು ಊರಿಗೆ ಹಬ್ಬ, ಕೋಟಾಕ್ಕೆ ಸಾಲದು. ಎಷ್ಟು ಮೇಲಿನ ಮಟ್ಟದಲ್ಲಿ ಆಡಿದ್ದಾರೆ, ಯಾವ ಸ್ಥಾನ ಬಂತು ಎಂಬುದರ ಮೇಲೆ ಆದ್ಯತೆ. ನಾನು 800 ಮೀಟರ್ ಓಡಿ ತಾಲ್ಲೂಕಿಗೆ ನಿಂತೆ. ಸೀಟು ಅಂಕದ ಮೇಲೆ ಸಿಕ್ಕಿತು. ನನ್ನ ಜೊತೆಗೇ ಓಡುತ್ತಿದ್ದ ಗೆಳೆಯ ರಾಜ್ಯಮಟ್ಟದವರೆಗೆ ಹೋದ. ಅವನ ಪ್ರಮಾಣಪತ್ರ ಸೋರುವ ಮನೆಯ ಮಾಡಿನಲ್ಲಿ ನೆನೆದು ಹಾಳಾಯಿತು. ಅದು ಬೆಲೆಬಾಳುವ ಕಾಗದವೆಂದು ಅವನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನು ಕಾಲೇಜು ಮೆಟ್ಟಿಲು ಹತ್ತಲಿಲ್ಲ.

ಆದ್ದರಿಂದ ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯಲ್ಲಿ ಒಂದು ಕ್ರೀಡಾ ದಾಖಲೆ ಪುಸ್ತಕ ಆರಂಭವಾಗಲಿ. ಮಗುವಿನ ಹೆಸರು, ಹುಟ್ಟಿದ ದಿನಾಂಕ, ಓಟದ ಸಮಯ, ಕೂಟದ ಮಟ್ಟ, ಸ್ಥಾನ ಅದರಲ್ಲಿರಲಿ. ಪ್ರಮಾಣಪತ್ರದ ಹೆಸರು ಶಾಲಾ ದಾಖಲೆಯ ಹೆಸರಿಗೆ ಅಕ್ಷರ ಬಿಡದೆ ಹೊಂದುತ್ತದೆಯೇ ಎಂದು ಮೇಷ್ಟ್ರು ಅಂದೇ ನೋಡಲಿ. ಪ್ರತಿ ಪ್ರಮಾಣಪತ್ರದ ಸ್ಕ್ಯಾನ್ ಪ್ರತಿ ಶಾಲೆಯಲ್ಲಿ ಉಳಿಯಲಿ. ಹತ್ತನೇ ತರಗತಿ ಮುಗಿಸುವ ಓಟಗಾರರ ಮನೆಗೆ ಹೋಗಿ, ಎಲ್ಲಿ, ಯಾವಾಗ ಅರ್ಜಿ ಹಾಕಬೇಕೆಂದು ತಿಳಿಸುವುದು ಹಳೆಯ ವಿದ್ಯಾರ್ಥಿಗಳ ಕೆಲಸವಾಗಲಿ. ಸಂಘ ಒಪ್ಪಿದರೆ ಸ್ಕ್ಯಾನ್ ಮಾಡಿ ಜೋಪಾನ ಮಾಡುವ ಹೊಣೆ ನನ್ನದು.