‘ಅಧ್ಯಕ್ಷೆ’ ನಡೆದು ಬಂದ ದಾರಿ

‘ಅಧ್ಯಕ್ಷ’ವನ್ನು ಬಿಡಿಸಿದರೆ ಅಧಿ ಮತ್ತು ಅಕ್ಷ, ಮೇಲಿದ್ದು ನೋಡುವ ಕಣ್ಣು. ಪ್ರತ್ಯಕ್ಷ, ಪರೋಕ್ಷ, ಸಮಕ್ಷಗಳೆಲ್ಲ ಇದರ ಒಡಹುಟ್ಟುಗಳು. ಋಗ್ವೇದದ ನಾಸದೀಯ ಸೂಕ್ತದಲ್ಲಿ ಪರಮಾಕಾಶದಿಂದ ಸೃಷ್ಟಿಯನ್ನು ನೋಡುವವನಿಗೆ ಸಂದ ಈ ಪದ, ಗೀತೆಯಲ್ಲಿ ಪ್ರಕೃತಿಯು ಚರಾಚರಗಳನ್ನು ಹೆರುವಾಗ ಮೇಲ್ನೋಟ ವಹಿಸುವ ಭಗವಂತನಿಗೆ ಸಂದಿದೆ. ಹೆರುವವಳು ಸ್ತ್ರೀಲಿಂಗ, ನೋಡುವವನು ಪುಲ್ಲಿಂಗ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪದ ನೆಲಕ್ಕಿಳಿದು ಕಚೇರಿ ಸೇರುತ್ತದೆ: ಬೇಸಾಯಕ್ಕೆ ಸೀತಾಧ್ಯಕ್ಷ, ಸುಂಕಕ್ಕೆ ಶುಲ್ಕಾಧ್ಯಕ್ಷ, ಮದ್ಯಕ್ಕೆ ಸುರಾಧ್ಯಕ್ಷ, ಹಡಗಿಗೆ ನಾವಧ್ಯಕ್ಷ, ನೂಲಿಗೆ ಸೂತ್ರಾಧ್ಯಕ್ಷ. ಈ ಕೊನೆಯವನ ಸೂತ್ರಶಾಲೆಗೆ ಹೆಂಗಸರು ನಸುಕಿನಲ್ಲೇ ನೂಲು ಒಪ್ಪಿಸಲು ಬರುತ್ತಾರೆ. ಅಲ್ಲಿನ ದೀಪ ನೂಲನ್ನು ಪರೀಕ್ಷಿಸಲು ಮಾತ್ರ. ಹೆಣ್ಣಿನ ಮುಖ ನೋಡಿದರೂ, ಬೇರೆ ಮಾತು ತೆಗೆದರೂ ದಂಡ. ಕೂಲಿ ತಡಮಾಡಿದರೂ ದಂಡ. ಆಕೆಯನ್ನು ಕಾಯುವ ಈ ಕಟ್ಟಳೆಗಳಲ್ಲಿ ಆಕೆಯೇ ಸೂತ್ರಾಧ್ಯಕ್ಷೆಯಾಗುವ ಊಹೆಗೆ ಎಡೆಯಿಲ್ಲ.

ಹೆಣ್ಣಿಗೆ ಪದವಿ ಇರಲೇ ಇಲ್ಲವೆನ್ನೋಣವೇ? ಬಂದಳಿಕೆಯ ಶಾಸನದ ಜಕ್ಕಿಯಬ್ಬೆ, ಹತ್ತನೆಯ ಶತಮಾನದ ಆರಂಭದಲ್ಲಿ, ಗಂಡ ತೀರಿಕೊಂಡ ಮೇಲೆ ನಾಗರಖಂಡ 70 ಎಂಬ ನಾಡಿನ ನಾಳ್ಗಾವುಂಡ (ನಾಡಿನ ಮುಖ್ಯಸ್ಥ) ಪದವಿಯಲ್ಲಿ ಕುಳಿತು ಆಳಿದವಳು. ಆದರೆ ಗಾಮುಂಡ, ಗಾವುಂಡ, ಗೌಡ ಎಂದು ಸವೆಯುತ್ತ ಬಂದ ಈ ಪದದ ಜೋಡಿಯಾದ ‘ಗೌಡತಿ’ಗೆ ನಮ್ಮ ಬಳಕೆಯಲ್ಲಿ ಉಳಿದ ಮೊದಲ ಅರ್ಥ ಗೌಡನ ಹೆಂಡತಿ. ‘ಒಡತಿ’ಯೊಂದು ಗಟ್ಟಿಗಿತ್ತಿ, ಆಸ್ತಿಯ ಒಡೆತನವನ್ನು ಬಿಟ್ಟುಕೊಡಲಿಲ್ಲ. ಸಂಸ್ಕೃತದ ವೈಯಾಕರಣರು ಇಲ್ಲಿ ನಮಗಿಂತ ಎಚ್ಚರದವರು: ಪತ್ನಿಯಾದರೆ ‘ಆಚಾರ್ಯಾನೀ’, ತಾನೇ ಪಾಠ ಹೇಳುವವಳಾದರೆ ‘ಆಚಾರ್ಯಾ’ ಎಂದು ಬೇರೆಬೇರೆ ರೂಪಗಳನ್ನೇ ಇಟ್ಟರು.

ಈ ಎಚ್ಚರ ಇಂದು ಹೆಚ್ಚು ಬೇಕಿರುವುದು ಪಂಚಾಯಿತಿಯಲ್ಲಿ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಪಂಚಾಯಿತಿ ಸ್ಥಾನಗಳಲ್ಲಿ ಮಹಿಳೆಯರಿಗೆ ಮೂರನೆಯ ಒಂದು ಪಾಲು ಕೊಟ್ಟಿತು. ಕರ್ನಾಟಕ ಅದನ್ನು ಮುಂದೆ ಅರ್ಧಕ್ಕೇರಿಸಿತು. ‘ಅಧ್ಯಕ್ಷೆ’, ‘ಅಧ್ಯಕ್ಷಿಣಿ’ ಮನೆಮಾತಾದವು. ಆದರೂ ಎಷ್ಟೋ ಊರುಗಳಲ್ಲಿ ನಡಾವಳಿ ಪುಸ್ತಕಕ್ಕೆ ಸಹಿ ಆಕೆಯದು, ಪಕ್ಕದ ಕುರ್ಚಿಯಲ್ಲಿ ಕೂತು ಉತ್ತರ ಹೇಳುವವರು ‘ಅಧ್ಯಕ್ಷರ ಯಜಮಾನರು’. ಹೊರಗೆ ನಮಸ್ಕಾರ ಹೊಡೆಸಿಕೊಳ್ಳುವಾಗ ಅವರೇ ‘ಅಧ್ಯಕ್ಷರು’. ಗೌಡತಿಯ ಪಾಡೇ ಅಧ್ಯಕ್ಷೆಗೂ ಬರುತ್ತಿದೆ.

ಕಾನೂನಿನ ಒತ್ತಾಸೆಯಿಲ್ಲದೆಡೆ ಪದ ಅಷ್ಟು ದೂರವೂ ಹೋಗಿಲ್ಲ. ನುಡಿಪ್ರಿಯರಾದ ನಮ್ಮ ಮನೆಯನ್ನೇ ನೋಡೋಣ. ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ 1974ರಲ್ಲಿ ಮಂಡ್ಯದಲ್ಲಿ ಜಯದೇವಿತಾಯಿ ಲಿಗಾಡೆಯವರಿಗೆ ಮೊದಲು ಸಂದಿತು. ಆಮೇಲೆ ಬಾಗಲಕೋಟೆಯಲ್ಲಿ ಶಾಂತಾದೇವಿ ಮಾಳವಾಡ, ಮೂಡುಬಿದಿರೆಯಲ್ಲಿ ಕಮಲಾ ಹಂಪನಾ, ಗದಗದಲ್ಲಿ ಗೀತಾ ನಾಗಭೂಷಣ. ಮೊದಲ 87 ಸಮ್ಮೇಳನಗಳಿಗೆ ನಾಲ್ವರು. ಅದೂ ಮೆರವಣಿಗೆಯ, ಭಾಷಣದ, ಕೆಲವು ದಿನಗಳ ಅಧ್ಯಕ್ಷತೆ. ಹಣ, ನೇಮಕ, ನಿರ್ಣಯಗಳ ಮೇಲೆ ಕಣ್ಣಿಡುವ ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷತೆಗೆ, 1915ರಲ್ಲಿ ಹುಟ್ಟಿದ ಆ ಸಂಸ್ಥೆ ನೂರು ವರ್ಷ ದಾಟುವವರೆಗೂ ಒಬ್ಬ ಮಹಿಳೆಯನ್ನೂ ಆರಿಸಲಿಲ್ಲ. ಜಿಲ್ಲೆಜಿಲ್ಲೆ ಅಲೆದು ಆಜೀವ ಸದಸ್ಯರ ಮತ ಕೇಳಬೇಕು, ಬಣ ಕಟ್ಟಬೇಕು, ಮನೆಯ ಹೊಣೆಯನ್ನು ಬೇರೊಬ್ಬರ ಹೆಗಲಿಗೆ ಹೊರಿಸಿ ತಿಂಗಳುಗಟ್ಟಲೆ ಹೊರಗಿರಬೇಕು. ಹೆಣ್ಣಿಗೆ ಇಷ್ಟು ಬಿಡುವನ್ನೂ ಬೆಂಬಲವನ್ನೂ ಕೊಡುವ ಮನೆ ಅಪರೂಪ, ಬಣ ಇನ್ನೂ ಅಪರೂಪ.

ವಿದ್ವತ್ತಿಗೆ ಹಾರ ಹಾಕುವ ನಾವು ಅಧಿಕಾರ ಒಪ್ಪಿಸಲು ಹಿಂಜರಿಯುತ್ತೇವೆ. ಅಧ್ಯಕ್ಷೆ ಎಂದರೆ ಲೆಕ್ಕ ನೋಡುವವಳು, ಬೇಡವೆನ್ನಬಲ್ಲವಳು, ತನ್ನ ಮಾತೇ ಕೊನೆಯ ಮಾತಾದವಳು. ಈ ಅರ್ಥವನ್ನು ನಿಘಂಟು ತಾನಾಗಿ ಕಾಯಲಾರದು. ಪರಿಷತ್ತಿನ ಮತಪತ್ರ ಹಿಡಿದ ನಾವೇ ಕಾಯಬೇಕು.