ನೆತ್ತರುಗೊಡಗೆ

ನೆತ್ತರು ಎಂದರೆ ರಕ್ತ. ‘ಕೊಡು’ ಧಾತುವಿನಿಂದ ಬಂದ ಕೊಡಗೆ ಎಂದರೆ ದತ್ತಿ. ಸಮಾಸದಲ್ಲಿ ಕಕಾರ ಗಕಾರವಾಗಿ ‘ನೆತ್ತರುಗೊಡಗೆ’ ಆಯಿತು. ಕಾಳಗದಲ್ಲೋ ತುರುಗಾಳಗದಲ್ಲೋ (ದನಕರುಗಳಿಗಾಗಿ ನಡೆದ ಕಾದಾಟದಲ್ಲೋ) ಮಡಿದವನ ಮನೆಯವರಿಗೆ ಬಿಟ್ಟ ಭೂಮಿ ಇದು. ಸಾಮಾನ್ಯವಾಗಿ ಅದಕ್ಕೆ ತೆರಿಗೆ ಇರುತ್ತಿರಲಿಲ್ಲ, ಇದ್ದರೂ ಹಗುರ. ಅರಸೀಕೆರೆ, ಬೇಲೂರು ಸೀಮೆಯ ವೀರಗಲ್ಲುಗಳನ್ನು ಓದಹೊರಟವರಿಗೆ ಈ ಪದ ತಿಳಿದಿರಲೇಬೇಕು. ‘ರಕ್ತಗೊಡಗೆ’ ಎಂಬ ರೂಪವೂ ಉಂಟು.

ಇದಕ್ಕೆ ಹತ್ತಿರದ ಹಳೆಯ ಪದ ‘ಬಾಳ್ಗಚ್ಚು’. ಬಾಳ್ ಎಂದರೆ ಕತ್ತಿ, ಕಚ್ಚು ಎಂದರೆ ತೊಳೆಯುವುದು. ಕತ್ತಿ ತೊಳೆದು ಕೊಡುವ ದತ್ತಿ. ಕ್ರಿ.ಶ. 949–50ರ ಆತಕೂರು ಶಾಸನದಲ್ಲಿ ಗಂಗ ದೊರೆ ಬೂತುಗ ತನ್ನ ವೀರ ಮಣಲೆರನಿಗೆ ಊರನ್ನೇ ಹೀಗೆ ಕೊಟ್ಟಿದ್ದಾನೆ. ಬಾಳ್ಗಚ್ಚು ಬದುಕಿದ್ದ ವೀರನಿಗೂ ಸಲ್ಲುತ್ತಿತ್ತು. ನೆತ್ತರುಗೊಡಗೆ ಅವನಿಲ್ಲದ ಮನೆಗೆ. ಆ ಮನೆಯ ಒಲೆ ಆರಬಾರದೆಂಬ ಕಾಳಜಿಯಿಂದಲೇ ನನಗೆ ಈ ಪದ ದೊಡ್ಡದು.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಗರುಡಗಂಬವನ್ನೂ, ಅಂದರೆ ಒಡೆಯನಿಗಾಗಿ ಪ್ರಾಣ ಕೊಡುವ ಪಣ ತೊಟ್ಟವರ ನೆನಪಿನ ಕಂಬವನ್ನೂ, ಇಲ್ಲಿ ನೆನೆಯಬೇಕು. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನೊಂದಿಗೆ ಮಡದಿ ಸುಗ್ಗಲದೇವಿಯೂ ಪ್ರಾಣ ತೆತ್ತದ್ದನ್ನು ಅದರ ಶಾಸನ ಹೇಳುತ್ತದೆ. ಯೋಧನ ಋಣ ಅವನೊಬ್ಬನದಾಗಿರಲಿಲ್ಲ, ಮನೆಯವರದೂ ಆಗಿತ್ತು.

ನೆತ್ತರುಗೊಡಗೆ ಎಂಬ ಪದ ಬಳಕೆಯಿಂದ ಹೋಯಿತು, ಅದರ ಹಿಂದಿನ ಕಾಳಜಿ ಕಾನೂನಿಗೆ ಬಂತು. 1961ರ ಆದಾಯ ತೆರಿಗೆ ಕಾಯ್ದೆಯ 10(18)ನೇ ಕಲಮು ಪರಮವೀರ, ಮಹಾವೀರ, ವೀರಚಕ್ರ ಪಡೆದವರ ಪಿಂಚಣಿಗೆ ವಿನಾಯಿತಿ ಕೊಟ್ಟಿತು. 10(19)ನೇ ಕಲಮು, ಕಾರ್ಯಾಚರಣೆಯಲ್ಲಿ ಮಡಿದ ಯೋಧರ ಪತ್ನಿ, ಮಕ್ಕಳಿಗೆ ಸಿಗುವ ಕುಟುಂಬ ಪಿಂಚಣಿಗೂ ಕೊಟ್ಟಿತು.